ಮರಳಿ ಬರುವ ದಾರಿ



ಕಳೆದ ಗಣೇಶನ ಹಬ್ಬಕ್ಕೆ ಅಕ್ಕನ ಮೊಮ್ಮಗಳು ಬೆಂಗಳೂರಿನಿಂದ ಊರಿಗೆ ಬಂದಿದ್ದಳು. ಈಗ ಹತ್ತನೆಯ ತರಗತಿ. ಬಂದ ದಿನವೇ ವಿಜ್ಞಾನದ ಪುಸ್ತಕ ತೆರೆದು, ವಿದ್ಯುತ್ತಿನ ಅಧ್ಯಾಯದ ಲೆಕ್ಕಗಳನ್ನು ನನ್ನೆದುರಿಗೇ ಸರಸರನೆ ಬಿಡಿಸಿ ತೋರಿಸಿದಳು. ಸರಣಿ ಜೋಡಣೆಯಲ್ಲಿ ರೋಧಗಳನ್ನು ಕೂಡಬೇಕು, ಸಮಾಂತರ ಜೋಡಣೆಯಲ್ಲಿ ರೋಧಗಳ ವ್ಯುತ್ಕ್ರಮಗಳನ್ನು ಕೂಡಬೇಕು. ಒಂದೂ ತಪ್ಪಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಇದೇ ಪಾಠ ಹೇಳಿದ ನನಗೆ ಸಹಜವಾಗಿಯೇ ಸಂತೋಷವಾಯಿತು.

ಮರುದಿನ ಮಂಟಪಕ್ಕೆ ಹಾಕಲೆಂದು ಅಟ್ಟದಿಂದ ಹಳೆಯ ಸೀರಿಯಲ್ ಸೆಟ್ ಇಳಿಸಿದೆವು. ಪ್ಲಗ್ಗಿಗೆ ಹಾಕಿದರೆ ಒಂದು ದೀಪವೂ ಹತ್ತಲಿಲ್ಲ. "ಅಜ್ಜ, ಇದು ಕೆಟ್ಟಿದೆ, ಎಸೆದು ಹೊಸದು ತರೋಣ" ಎಂದಳು. "ಇದು ಸರಣಿ ಜೋಡಣೆಯೋ, ಸಮಾಂತರ ಜೋಡಣೆಯೋ, ಹೇಳು ನೋಡೋಣ" ಎಂದು ಕೇಳಿದೆ. ಮಗು ನನ್ನ ಮುಖವನ್ನೇ ನೋಡಿತು. "ಅದು ಪುಸ್ತಕದ್ದಲ್ವಾ ಅಜ್ಜ? ಇದಕ್ಕೂ ಅದಕ್ಕೂ ಏನು ಸಂಬಂಧ?"

ಬೀದಿಯ ಜನ ತಲೆತಲಾಂತರದಿಂದ 'ಸೀರಿಯಲ್ ಸೆಟ್' ಎನ್ನುತ್ತಿರುವ ವಸ್ತುವಿನ ಹೆಸರಿನಲ್ಲೇ ಸರಣಿ ಕುಳಿತಿದೆ. ಆದರೂ ನೂರಕ್ಕೆ ನೂರು ಅಂಕದ ಮಗುವಿಗೆ ಅದು ಕಾಣಲಿಲ್ಲ. ಇದು ಅವಳ ತಪ್ಪಲ್ಲ. ನಾವು ಮೇಷ್ಟ್ರುಗಳು ವಿದ್ಯುನ್ಮಂಡಲವನ್ನು ಕಲಿಸುವ ರೀತಿಯೇ ಹಾಗಿದೆ. ಇಂದಿನ ಬರಹ ಆ ಕುರಿತು. ಇದರಲ್ಲಿ ಹಳೆಯದೊಂದು ತಪ್ಪೊಪ್ಪಿಗೆಯೂ ಇದೆ.

ಮೊದಲು ಆ ಸೆಟ್ಟಿನ ಕಥೆ ಮುಗಿಸುತ್ತೇನೆ. ಹಳೆಯ ಕಾಲದ ಸೆಟ್ಟಿನಲ್ಲಿ ಒಂದೊಂದು ಪುಟ್ಟ ಬಲ್ಬೂ ಸುಮಾರು 6 ವೋಲ್ಟಿನದು. ಮನೆಗೆ ಬರುವುದು 230 ವೋಲ್ಟ್. 230ನ್ನು 6ರಿಂದ ಭಾಗಿಸಿದರೆ ಸುಮಾರು 38. ಆದ್ದರಿಂದಲೇ ಒಂದು ಸಾಲಿನಲ್ಲಿ ಮೂವತ್ತಾರೋ ನಲವತ್ತೋ ಬಲ್ಬುಗಳಿರುತ್ತಿದ್ದವು. ವೋಲ್ಟೇಜನ್ನು ಅವು ತಮ್ಮೊಳಗೆ ಹಂಚಿಕೊಂಡು ಬದುಕುತ್ತಿದ್ದವು. ಒಂದರ ತಂತು ಕಡಿದರೆ ದಾರಿಯೇ ಕಡಿದಂತೆ, ಎಲ್ಲವೂ ಆರುತ್ತವೆ. ಪ್ಲಗ್ ಕಿತ್ತು, ನನ್ನ ಹಳೆಯ ಮಲ್ಟಿಮೀಟರ್ ತಂದು, ಸಾಲಿನ ನಡುಮಧ್ಯಕ್ಕೆ ಒಂದು ಕಡ್ಡಿ, ತುದಿಗೆ ಒಂದು ಕಡ್ಡಿ ಮುಟ್ಟಿಸಿದೆವು. ಮುಳ್ಳು ಅಲುಗಿತು. ಅಂದರೆ ಈ ಅರ್ಧ ಸರಿಯಿದೆ, ದೋಷ ಇನ್ನೊಂದರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿದೆವು. ಹೀಗೆ ಮಾಡಿದರೆ ಮೂವತ್ತಾರು ಬಲ್ಬುಗಳ ಸಾಲಿನಲ್ಲಿ ಕೆಟ್ಟ ಒಂದನ್ನು ಹೆಚ್ಚೆಂದರೆ ಆರು ಪರೀಕ್ಷೆಗಳಲ್ಲಿ ಹಿಡಿಯಬಹುದು. ಐದನೆಯದಕ್ಕೇ ಸಿಕ್ಕಿತು. ಬದಲಿ ಬಲ್ಬು ಹಾಕಿದಾಗ ಸಾಲು ಪೂರ್ತಿ ಬೆಳಗಿತು. ಆ ಮಗುವಿನ ಮುಖವೂ ಬೆಳಗಿತು. ಲೆಕ್ಕ ಸರಿಬಂದಾಗ ಅದು ಹಾಗೆ ಬೆಳಗಿರಲಿಲ್ಲ.

ಆಗ ಅವಳಿಗೊಂದು ಪ್ರಶ್ನೆ ಹಾಕಿದೆ. "ಪ್ಲಗ್ ಕೀಳದೆ ಇದ್ದಿದ್ದರೆ, ಆ ಕೆಟ್ಟ ಬಲ್ಬಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಇರುತ್ತಿತ್ತು?" "ಸೊನ್ನೆ, ಉರೀತಾ ಇಲ್ವಲ್ಲ" ಎಂದಳು. ಇಲ್ಲ, ಪೂರ್ತಿ 230 ವೋಲ್ಟ್ ಇರುತ್ತಿತ್ತು. ಪ್ರವಾಹ ಹರಿಯದಿದ್ದಾಗ ಉಳಿದ ಯಾವ ಬಲ್ಬೂ ತನ್ನ ಪಾಲಿನ ವೋಲ್ಟೇಜನ್ನು ತೆಗೆದುಕೊಳ್ಳುವುದಿಲ್ಲ. ಇಡೀ ವೋಲ್ಟೇಜು ಆ ಕಡಿದ ಜಾಗದಲ್ಲೇ ಬಂದು ನಿಲ್ಲುತ್ತದೆ. ಸತ್ತಂತೆ ಕಾಣುವ ಸೆಟ್ಟಿನ ಖಾಲಿ ಹೋಲ್ಡರಿಗೆ ಬೆರಳಿಡುವ ಮಕ್ಕಳಿಗೆ ಈ ಮಾತನ್ನು ಯಾರು ಹೇಳಬೇಕು?

ನಮ್ಮ ಬಿ.ದುರ್ಗದ ಕಡೆ 'ಕರೆಂಟು' ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಕರೆಂಟು ಬಂತು, ಕರೆಂಟು ಹೋಯಿತು, ಕರೆಂಟು ಕಮ್ಮಿ ಇದೆ, ಕರೆಂಟು ಹೊಡೆಯಿತು. ವೋಲ್ಟೇಜು, ಪ್ರವಾಹ, ಶಕ್ತಿ ಎಲ್ಲವೂ ಅದರಲ್ಲೇ. ಆಡುಮಾತಿನಲ್ಲಿ ಅದು ತಪ್ಪೇನಲ್ಲ. ಆದರೆ ಆ ಮಾತಿನೊಳಗೆ ಒಂದು ತಪ್ಪು ಚಿತ್ರ ಅಡಗಿದೆ: ಕರೆಂಟು ಎಂಬುದು ಕಂಬದಿಂದ ಮನೆಗೆ ಬರುವ, ಬಂದು ಖರ್ಚಾಗುವ ಒಂದು ಪದಾರ್ಥ ಎಂಬ ಚಿತ್ರ. ಸೀಮೆಎಣ್ಣೆಯ ಹಾಗೆ. ಪಠ್ಯಪುಸ್ತಕದ ಪದ ಇದಕ್ಕಿಂತ ಎಷ್ಟೋ ಉತ್ತಮ: ವಿದ್ಯುನ್ಮಂಡಲ. ಮಂಡಲವೆಂದರೆ ಸುತ್ತು, ಹೊರಟಲ್ಲಿಗೇ ಬಂದು ಸೇರುವ ಆವರಣ. ಹೊರಟ ಪ್ರವಾಹವೆಲ್ಲ ಮರಳಿ ಬರಲೇಬೇಕು, ಬರುವ ದಾರಿ ಇಲ್ಲದಿದ್ದರೆ ಹೊರಡುವುದೇ ಇಲ್ಲ. ಬಲ್ಬಿನಲ್ಲಿ ಖರ್ಚಾಗುವುದು ಶಕ್ತಿಯೇ ಹೊರತು ಪ್ರವಾಹವಲ್ಲ. ಒಂದು ತಂತಿಯಲ್ಲಿ 2 ಆಂಪಿಯರ್ ಹೋದರೆ ಇನ್ನೊಂದರಲ್ಲಿ 2 ಆಂಪಿಯರೇ ಹಿಂದಿರುಗುತ್ತದೆ. ಇಡೀ ಪಾಠದ ತಿರುಳು ಇಷ್ಟೇ. ಪದದಲ್ಲೇ ಪಾಠವಿತ್ತು, ನಾವು ಪದವನ್ನು ಬಾಯಿಪಾಠ ಮಾಡಿಸಿ ಮುಂದೆ ಹೋದೆವು.

ನೀರಿನ ಹೋಲಿಕೆ ಕೊಡುವುದು ನಮ್ಮ ವಾಡಿಕೆ. ನಾನೂ ಕೊಟ್ಟಿದ್ದೇನೆ. ತೋಟದ ಪೈಪಿನಲ್ಲಿ ನೀರು ಹರಿದಂತೆ ತಂತಿಯಲ್ಲಿ ವಿದ್ಯುತ್ತು, ಟ್ಯಾಂಕಿನ ಎತ್ತರದಂತೆ ವೋಲ್ಟೇಜು, ಪೈಪು ಸಣ್ಣದಾದಷ್ಟೂ ರೋಧ ಹೆಚ್ಚು. ಅಡಿಕೆ ತೋಟದ ಮಕ್ಕಳಿಗೆ ಇದು ಥಟ್ಟನೆ ತಿಳಿಯುತ್ತದೆ. ಆದರೆ ಈ ಹೋಲಿಕೆ ಅರ್ಧ ದಾರಿಗೆ ಕೈಬಿಡುತ್ತದೆ. ತೋಟದ ನೀರು ಗಿಡದ ಬುಡಕ್ಕೆ ಇಳಿದು ಮುಗಿದುಹೋಗುತ್ತದೆ, ಬಾವಿಗೆ ಮರಳುವುದಿಲ್ಲ. ಒಡೆದ ಪೈಪಿನಿಂದ ನೀರು ಸೋರುತ್ತದೆ, ತುಂಡಾದ ತಂತಿಯಿಂದ ವಿದ್ಯುತ್ತು ಗಾಳಿಗೆ ಸೋರುವುದಿಲ್ಲ. ಹೋಲಿಕೆಯ ಈ ಮಿತಿಯನ್ನು ಹೇಳದೆ ಬಿಟ್ಟರೆ, ಬಲ್ಬು ಕರೆಂಟನ್ನು 'ಕುಡಿಯುತ್ತದೆ' ಎಂಬ ನಂಬಿಕೆ ಮಕ್ಕಳಲ್ಲಿ ಗಟ್ಟಿಯಾಗುತ್ತದೆ. ಎರಡು ಒಂದೇ ತರಹದ ಟಾರ್ಚ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಯಾವುದು ಹೆಚ್ಚು ಬೆಳಗುತ್ತದೆ ಎಂದು ಸ್ವಿಚ್ ಹಾಕುವ ಮುನ್ನ ಕೇಳಿ ನೋಡಿ. ತರಗತಿಯ ಅರ್ಧ ಜನ "ಮೊದಲನೆಯದು, ಸಾರ್" ಎನ್ನುತ್ತಾರೆ. ಹಾಕಿದ ಮೇಲೆ ಎರಡೂ ಸಮನಾಗಿ ಉರಿದಾಗ ಆಗುವ ಆಶ್ಚರ್ಯವೇ ಕಲಿಕೆ.

ಇನ್ನು ಮಂಡಲವನ್ನು ಸರಳಗೊಳಿಸುವ ವಿಷಯ. ಮಕ್ಕಳು ಹೆದರುವುದು ಇಲ್ಲಿಯೇ. ಗೋಜಲಾದ ಚಿತ್ರ ಕಂಡೊಡನೆ ಸೂತ್ರ ಹುಡುಕುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದಾದ ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ಕಾಗದ, ಪೆನ್ನು ಹಿಡಿದು ಬರೆದುಕೊಳ್ಳಿ. ಒಂದು ಗೆರೆಯ ಮೇಲೆ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ ಎಂಬ ನಾಲ್ಕು ಬಿಂದುಗಳು. ಎ-ಬಿ ನಡುವೆ 6 ಓಮ್, ಬಿ-ಸಿ ನಡುವೆ 6 ಓಮ್, ಸಿ-ಡಿ ನಡುವೆ 6 ಓಮ್. ಈಗ ಎ ಬಿಂದುವಿನಿಂದ ಸಿ ಬಿಂದುವಿಗೆ ಮೇಲಿನಿಂದ ಒಂದು ಬರಿಯ ತಂತಿ, ಬಿ ಬಿಂದುವಿನಿಂದ ಡಿ ಬಿಂದುವಿಗೆ ಕೆಳಗಿನಿಂದ ಇನ್ನೊಂದು ಬರಿಯ ತಂತಿ. ಎ ಮತ್ತು ಡಿ ನಡುವಿನ ಒಟ್ಟು ರೋಧ ಎಷ್ಟು?

ಮೂರೂ ಒಂದೇ ಸಾಲಿನಲ್ಲಿ ಕುಳಿತಿರುವುದರಿಂದ 18 ಓಮ್ ಎನ್ನುವವರೇ ಹೆಚ್ಚು. ಕಣ್ಣು ಸಾಲನ್ನು ನೋಡುತ್ತದೆ, ದಾರಿಯನ್ನು ನೋಡುವುದಿಲ್ಲ. ನಾನು ಬಣ್ಣದ ಸೀಮೆಸುಣ್ಣ ಹಿಡಿಯುತ್ತಿದ್ದುದು ಆಗಲೇ. ನಿಯಮ ಒಂದೇ: ಬರಿಯ ತಂತಿಯಿಂದ ಸೇರಿದ ಬಿಂದುಗಳಿಗೆಲ್ಲ ಒಂದೇ ಬಣ್ಣ ಹಚ್ಚಿ. ರೋಧಕವನ್ನು ದಾಟಿದಾಗ ಮಾತ್ರ ಬಣ್ಣ ಬದಲಾಗಬಹುದು. ಎ ಕೆಂಪು. ತಂತಿಯಿಂದ ಸೇರಿದ ಸಿ ಕೂಡ ಕೆಂಪು. ಡಿ ನೀಲಿ. ತಂತಿಯಿಂದ ಸೇರಿದ ಬಿ ಕೂಡ ನೀಲಿ. ಈಗ ನೋಡಿ: ಮೊದಲ ರೋಧಕದ ಒಂದು ತುದಿ ಕೆಂಪು, ಇನ್ನೊಂದು ನೀಲಿ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಮೂರೂ ಕೆಂಪು-ನೀಲಿಗಳ ನಡುವೆಯೇ ಇವೆ ಎಂದ ಮೇಲೆ ಮೂರೂ ಸಮಾಂತರ. ಮೂರು ಸಮ ರೋಧಗಳು ಸಮಾಂತರವಾಗಿದ್ದರೆ ಆರನ್ನು ಮೂರರಿಂದ ಭಾಗಿಸಿದರಾಯಿತು, 2 ಓಮ್. ಹದಿನೆಂಟಲ್ಲ, ಎರಡು. ಒಂಬತ್ತು ಪಟ್ಟು ವ್ಯತ್ಯಾಸ. ಇಲ್ಲಿ ಸೂತ್ರಕ್ಕಿಂತ ಬಣ್ಣವೇ ಹೆಚ್ಚು ಕೆಲಸ ಮಾಡಿತು.

ಸರಳಗೊಳಿಸುವುದೆಂದರೆ ಏನನ್ನೋ ಕಡಿಮೆ ಮಾಡುವುದಲ್ಲ, ಇರುವುದನ್ನು ಇರುವಂತೆ ಕಾಣುವುದು. ಪ್ರವಾಹ ಎಲ್ಲಿಂದ ಹೊರಡುತ್ತದೆ? ಎಲ್ಲೆಲ್ಲಿ ಕವಲೊಡೆಯುತ್ತದೆ? ಎಲ್ಲಿ ಮತ್ತೆ ಕೂಡುತ್ತದೆ? ಯಾವ ದಾರಿಯಿಂದ ಮರಳುತ್ತದೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬಂದರೆ ಚಿತ್ರ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಕವಲಿಲ್ಲದೆ ಒಂದರ ಹಿಂದೊಂದು ಬಂದರೆ ಸರಣಿ, ಒಂದೇ ಜೋಡಿ ಬಿಂದುಗಳ ನಡುವೆ ನಿಂತರೆ ಸಮಾಂತರ. ಜರ್ಮನಿಯ ಕಿರ್ಕಾಫ್ 1845ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ನಿರೂಪಿಸಿದ ನಿಯಮಗಳಲ್ಲಿ ಒಂದು, ಕೂಡುದಾರಿಗೆ ಬಂದಷ್ಟೇ ಪ್ರವಾಹ ಅಲ್ಲಿಂದ ಹೋಗುತ್ತದೆ ಎಂಬುದು. ಹಳ್ಳಿಯ ಲೆಕ್ಕಪತ್ರ ಬಲ್ಲವರಿಗೆ ಇದು ಹೊಸದೇನಲ್ಲ. ಜಮಾ, ಖರ್ಚು ತಾಳೆಯಾಗಬೇಕು.

ಇದೇ ಕಣ್ಣನ್ನು ಊರಿನ ಕಡೆ ತಿರುಗಿಸಿದರೆ ಎಷ್ಟೊಂದು ಲೆಕ್ಕಗಳು ಸಿಗುತ್ತವೆ! ಸಂಜೆ ಹಿಟ್ಟಿನ ಗಿರಣಿ ಶುರುವಾದೊಡನೆ ಆ ಲೈನಿನ ಕೊನೆಯ ಮನೆಯ ಬಲ್ಬು ಮಂಕಾಗುತ್ತಿತ್ತು. "ಗಿರಣಿಯವನು ಕರೆಂಟು ಎಳೆದುಕೊಂಡ" ಎಂದು ಎಲ್ಲರೂ ಬೈಯುತ್ತಿದ್ದರು. ಮನೆ, ಗಿರಣಿ ಎರಡೂ ಸಮಾಂತರವಾಗಿದ್ದರೆ ಒಂದರಿಂದ ಇನ್ನೊಂದಕ್ಕೆ ಏಕೆ ತೊಂದರೆಯಾಗಬೇಕು? ಏಕೆಂದರೆ ಟಿ.ಸಿ.ಯಿಂದ ಬರುವ ತಂತಿಗೂ ತನ್ನದೇ ರೋಧವಿದೆ, ಅದು ಎಲ್ಲರೊಂದಿಗೂ ಸರಣಿಯಲ್ಲಿದೆ. ಹೋಗಿಬರುವ ತಂತಿಯ ರೋಧ ಒಟ್ಟು 1 ಓಮ್ ಎಂದುಕೊಳ್ಳಿ. 2 ಆಂಪಿಯರ್ ಹರಿದರೆ ತಂತಿಯಲ್ಲೇ 2 ವೋಲ್ಟ್ ಕಳೆಯುತ್ತದೆ, ಯಾರ ಗಮನಕ್ಕೂ ಬಾರದು. ಮೋಟಾರು ಹೊರಡುವಾಗ 20 ಆಂಪಿಯರ್ ಎಳೆದರೆ 20 ವೋಲ್ಟ್ ತಂತಿಯಲ್ಲೇ ಕಳೆದು, ಮನೆಗೆ ಉಳಿಯುವುದು 210.

ನಮ್ಮ ರಾಜ್ಯದ ವಿದ್ಯುತ್ತಿನ ಇತಿಹಾಸ ಆರಂಭವಾಗುವುದೂ ಇದೇ ಲೆಕ್ಕದಿಂದ. ಕಾವೇರಿಯ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ ಬೆಳಕು ಬಂದದ್ದು ಅದಾದ ಮೇಲೆ, 1905ರಲ್ಲಿ. ಅಷ್ಟು ಉದ್ದದ ತಂತಿಯ ರೋಧವನ್ನು ಗೆದ್ದದ್ದು ಹೇಗೆ? ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಯನ್ನು ಒಯ್ಯಲು ಪ್ರವಾಹ ಹತ್ತನೆಯ ಒಂದು ಪಾಲು ಸಾಕು. ತಂತಿಯಲ್ಲಿ ಶಾಖವಾಗಿ ವ್ಯರ್ಥವಾಗುವುದು ಪ್ರವಾಹದ ವರ್ಗಕ್ಕೆ ಅನುಗುಣವಾಗಿ, ಅಂದರೆ ನಷ್ಟ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಇಂದು ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನ ಗಾಳಿಯಂತ್ರಗಳಿಂದ ಹೊರಡುವ ತಂತಿಗಳೂ ಇದೇ ನಿಯಮಕ್ಕೆ ತಲೆಬಾಗಿವೆ. ಗಿರಣಿಯ ಪಕ್ಕದ ಮಂಕು ಬಲ್ಬಿನಿಂದ ಹೊರಟ ಮಗು ಶಿವನಸಮುದ್ರದವರೆಗೆ ನಡೆದುಹೋಗಬಲ್ಲದು, ಕೈಹಿಡಿದು ಕರೆದೊಯ್ಯುವವರು ಬೇಕು.

ಇಷ್ಟು ಹೊತ್ತು ಮೇಷ್ಟ್ರಾಗಿ ಮಾತಾಡಿದೆ. ಇನ್ನು ತಪ್ಪೊಪ್ಪಿಗೆ.

1990ರ ದಶಕದ ಆರಂಭದ ಮಾತು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ, ಆ ಬ್ಯಾಚಿನವರಿಗೆ ಗೊತ್ತಿದೆ. ವಿಜ್ಞಾನದಲ್ಲಿ ಬಹಳ ಚುರುಕು. 'ಭೂಸಂಪರ್ಕ ತಂತಿಯ ಉಪಯೋಗವೇನು?' ಎಂಬ ಪ್ರಶ್ನೆಗೆ ಅವನು ಬರೆದ ಉತ್ತರವನ್ನು ನಾನು ತರಗತಿಯಲ್ಲಿ ಓದಿ ತೋರಿಸಿದ್ದೆ. ಎಸ್.ಎಸ್.ಎಲ್.ಸಿ. ಮುಗಿಸಿ ಕಾಲೇಜಿಗೆ ಹೋಗುತ್ತ, ರಜೆಯಲ್ಲಿ ತೋಟ ನೋಡಿಕೊಳ್ಳುತ್ತಿದ್ದ. ಒಂದು ಬೇಸಿಗೆಯ ಬೆಳಗಿನ ಜಾವ ತ್ರೀಫೇಸ್ ಬಂದೊಡನೆ ಮೋಟಾರು ಹಾಕಲು ಹೋದ. ಬರಿಗಾಲು, ಕೆಸರು ನೆಲ. ಮೋಟಾರಿನ ಒಳಗಿನ ತಂತಿಯ ಹೊದಿಕೆ ಸವೆದು ಕಬ್ಬಿಣದ ಮೈಗೆ ತಾಗಿತ್ತು. ಅರ್ಥಿಂಗ್ ತಂತಿ ಎಂದೋ ಕಡಿದು ಹುಲ್ಲಿನಲ್ಲಿ ಬಿದ್ದಿತ್ತು. ಮೋಟಾರಿನ ಮೈಮೇಲೆ ಕೈಯಿಟ್ಟವನು ಮತ್ತೆ ಏಳಲಿಲ್ಲ.

ಮಣ್ಣು ಮುಗಿಸಿ ಬಂದ ಸಂಜೆ ಅವರ ಮನೆಯ ಜಗುಲಿಯಲ್ಲಿ ಕುಳಿತಿದ್ದೆ. ಅವನ ತಂದೆ ಬಹಳ ಹೊತ್ತಿನ ಮೇಲೆ ಒಂದು ಮಾತು ಕೇಳಿದರು. "ಮೇಷ್ಟ್ರೇ, ಫ್ಯೂಜು ಇತ್ತಲ್ಲ. ಹೊಸದಾಗಿ ನಾನೇ ಕಟ್ಟಿದ್ದೆ. ಅದು ಯಾಕೆ ಹೋಗಲಿಲ್ಲ?"

ನನ್ನ ಬಳಿ ಉತ್ತರವಿರಲಿಲ್ಲ. ವಿಜ್ಞಾನದಲ್ಲಿ ಉತ್ತರವಿಲ್ಲವೆಂದಲ್ಲ. ಅಷ್ಟು ವರ್ಷ ಪಾಠ ಹೇಳಿದ ನಾನು ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಫ್ಯೂಸ್ ಅಪಾಯದಿಂದ ರಕ್ಷಿಸುತ್ತದೆ ಎಂದು ಬರೆಸಿದ್ದೆ. ಯಾರನ್ನು ರಕ್ಷಿಸುತ್ತದೆ ಎಂದು ಹೇಳಿರಲಿಲ್ಲ.

ಆ ರಾತ್ರಿ ಮನೆಗೆ ಬಂದು ಕಾಗದದ ಮೇಲೆ ಬರೆದ ಲೆಕ್ಕ ಇದು. ಹತ್ತನೆಯ ತರಗತಿಯ ಲೆಕ್ಕವೇ. ತೊಯ್ದ ಮೈಯ ರೋಧ ಸುಮಾರು 1,000 ಓಮ್. ಒಂದು ಫೇಸಿಗೂ ನೆಲಕ್ಕೂ ನಡುವೆ 230 ವೋಲ್ಟ್. ಓಮ್‌ನ ನಿಯಮದಂತೆ ಮೈಯಲ್ಲಿ ಹರಿಯುವ ಪ್ರವಾಹ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಹೃದಯದ ಬಡಿತ ತಪ್ಪಿಸಲು ಇದರಲ್ಲಿ ಸಣ್ಣ ಪಾಲು ಸಾಕು. ಫ್ಯೂಸ್ ತಂತಿ 15 ಆಂಪಿಯರಿನದಾದರೆ? ಕರಗಲು ಅದಕ್ಕೆ ಈ ಪ್ರವಾಹದ ಅರವತ್ತೈದು ಪಟ್ಟಿಗಿಂತ ಹೆಚ್ಚು ಬೇಕು. ಫ್ಯೂಸಿಗೆ ಮನುಷ್ಯನೊಬ್ಬ ಸಾಯುತ್ತಿರುವುದು ಒಂದು ಸಣ್ಣ ಬಲ್ಬು ಉರಿದಂತೆ. ಅದು ಕಾಯುವುದು ತಂತಿಯನ್ನು, ಮನೆಗೆ ಬೆಂಕಿ ಬೀಳದಂತೆ. ಮನುಷ್ಯನನ್ನಲ್ಲ.

ಹಾಗಾದರೆ ಮನುಷ್ಯನನ್ನು ಕಾಯುವುದು ಯಾವುದು? ಇಲ್ಲಿ ಮರಳಿ ಬರುವ ದಾರಿಯ ಪಾಠ ಬೇಕು. ವಿದ್ಯುತ್ತು 'ಭೂಮಿಗೆ ಇಳಿದು ಹೋಗುತ್ತದೆ' ಎಂದು ನಾನು ಹೇಳುತ್ತಿದ್ದೆ, ಭೂಮಿ ಎಂಬುದು ಎಲ್ಲವನ್ನೂ ನುಂಗುವ ಗುಂಡಿ ಎಂಬಂತೆ. ಆದರೆ ಪ್ರವಾಹ ಎಲ್ಲೂ ಇಳಿದು ಹೋಗುವುದಿಲ್ಲ. ಟಿ.ಸಿ.ಯ ನ್ಯೂಟ್ರಲ್ ತಂತಿಯನ್ನು ಅಲ್ಲಿಯೇ ಭೂಮಿಗೆ ಸೇರಿಸಿರುತ್ತಾರೆ. ಆದ್ದರಿಂದ ಟಿ.ಸಿ.ಯಿಂದ ಲೈನು, ಲೈನಿನಿಂದ ಮೋಟಾರಿನ ಮೈ, ಅಲ್ಲಿಂದ ಹುಡುಗನ ಕೈ, ತೊಯ್ದ ಪಾದ, ನೆಲ, ನೆಲದ ಮೂಲಕ ಮತ್ತೆ ಟಿ.ಸಿ. ಮಂಡಲ ಪೂರ್ಣವಾಯಿತು. ಲೈನಿನ ಮೇಲೆ ಕುಳಿತ ಹಕ್ಕಿಗೆ ಏನೂ ಆಗದಿರುವುದು ಅದಕ್ಕೆ ಮರಳುವ ದಾರಿ ಇಲ್ಲದ್ದರಿಂದ. ನಮ್ಮ ಹುಡುಗನಿಗೆ ದಾರಿ ಇತ್ತು.

ಅರ್ಥಿಂಗ್ ಸರಿಯಿದ್ದಿದ್ದರೆ ಏನಾಗುತ್ತಿತ್ತು? 'ಕರೆಂಟು ಸುಲಭದ ದಾರಿ ಹಿಡಿಯುತ್ತದೆ, ಮನುಷ್ಯನನ್ನು ಬಿಟ್ಟುಬಿಡುತ್ತದೆ' ಎಂದು ಹೇಳುವುದುಂಟು. ಇದು ಅರ್ಧಸತ್ಯ. ಸಮಾಂತರ ಜೋಡಣೆಯಲ್ಲಿ ಪ್ರವಾಹ ಎಲ್ಲ ದಾರಿಗಳಲ್ಲೂ ಹರಿಯುತ್ತದೆ, ಆಯಾ ದಾರಿಯ ರೋಧಕ್ಕೆ ತಕ್ಕಂತೆ. ಅರ್ಥಿಂಗ್ ತಂತಿಯ ನಿಜವಾದ ಕೆಲಸ ಬೇರೆ. ಆ ದಾರಿಯ ರೋಧ 2 ಓಮ್ ಇದ್ದರೆ ಅದರಲ್ಲಿ 115 ಆಂಪಿಯರ್ ನುಗ್ಗುತ್ತದೆ. ಆಗ ಫ್ಯೂಸ್ ಕ್ಷಣಮಾತ್ರದಲ್ಲಿ ಕರಗಿ ಮಂಡಲವನ್ನೇ ಕಡಿಯುತ್ತದೆ. ಹುಡುಗ ತೋಟಕ್ಕೆ ಬರುವ ಮೊದಲೇ ಮೋಟಾರು ನಿಂತಿರುತ್ತಿತ್ತು. ಫ್ಯೂಸ್, ಅರ್ಥಿಂಗ್ ಎರಡೂ ಜೊತೆಗೂಡಿ ಕೆಲಸ ಮಾಡುವ ಜೋಡಿ. ನಾವು ಅವನ್ನು ಬೇರೆ ಬೇರೆ ಎರಡೆರಡು ಅಂಕದ ಪ್ರಶ್ನೆಗಳನ್ನಾಗಿ ಒಡೆದಿಟ್ಟಿದ್ದೇವೆ. ಅವನ ಉತ್ತರಪತ್ರಿಕೆಯಲ್ಲಿ ಎರಡೂ ಸರಿಯಾಗಿದ್ದವು. ಎರಡರ ನಡುವಿನ ತಂತಿಯನ್ನು ನಾನು ಜೋಡಿಸಿಕೊಟ್ಟಿರಲಿಲ್ಲ.

ಅಂದಿನಿಂದ ನಾನು ಪಾಠದ ಕ್ರಮ ಬದಲಿಸಿದೆ. ಆಮೇಲಿನ ಬ್ಯಾಚುಗಳವರಿಗೆ ಆ ಮರದ ಹಲಗೆ ನೆನಪಿದೆ ಎಂದುಕೊಂಡಿದ್ದೇನೆ: ಮೂರು ಟಾರ್ಚ್ ಬಲ್ಬು, ನಾಲ್ಕು ಸೆಲ್ಲು, ಎರಡು ಸ್ವಿಚ್ಚು, ಫ್ಯೂಸಿನ ಬದಲಿಗೆ ಒಂದು ಸಣ್ಣ ಎಳೆ. ಸೂತ್ರ ಬರುತ್ತಿದ್ದುದು ನಾಲ್ಕನೆಯ ದಿನ. ಮೊದಲ ಮೂರು ದಿನ ಜೋಡಿಸುವುದು, ಊಹಿಸುವುದು, ಬಣ್ಣ ಹಚ್ಚಿ ಬರೆಯುವುದು. ಕೊನೆಗೆ ಪ್ರತಿಯೊಬ್ಬರೂ ದೊಡ್ಡವರನ್ನು ಜೊತೆಗಿಟ್ಟುಕೊಂಡು, ಏನನ್ನೂ ಮುಟ್ಟದೆ, ತಮ್ಮ ಮನೆಯ ಮೀಟರ್ ಬೋರ್ಡನ್ನು ನೋಡಿ ನಕ್ಷೆ ಬರೆದು ತರಬೇಕು. ಒಬ್ಬ ಹುಡುಗಿ ತಂದ ನಕ್ಷೆಯಲ್ಲಿ ಹಸಿರು ತಂತಿ ಗೋಡೆಯ ಹೊರಗೆ ಹೋಗಿ ಅಲ್ಲೇ ನಿಂತಿತ್ತು. "ಮುಂದೆ ಎಲ್ಲಿಗೆ ಹೋಗುತ್ತಮ್ಮ?" ಎಂದೆ. "ಎಲ್ಲಿಗೂ ಇಲ್ಲ ಸಾರ್, ಗೋಡೆ ಹಿಂದೆ ಸುತ್ತಿ ಬಿಟ್ಟವ್ರೆ" ಎಂದಳು. ಆ ವಾರವೇ ಅವರ ತಂದೆ ಗುಂಡಿ ತೆಗೆಸಿ ಅರ್ಥಿಂಗ್ ಹಾಕಿಸಿದರು. ನನ್ನ ವೃತ್ತಿಜೀವನದಲ್ಲಿ ಅದಕ್ಕಿಂತ ದೊಡ್ಡ ಫಲಿತಾಂಶ ನನಗೆ ಬಂದಿಲ್ಲ.

ನಮ್ಮ ಶಾಲೆಗಳಲ್ಲಿ ಈ ಪಾಠ ತಲೆಕೆಳಗಾಗಿ ನಡೆಯುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸೂತ್ರ ಮೊದಲು, ಲೆಕ್ಕ ಆಮೇಲೆ. ಮನೆಯ ವಿದ್ಯುತ್ ಮಂಡಲದ ಭಾಗವಂತೂ ಮುಂದಿನ ಅಧ್ಯಾಯದಲ್ಲಿ, ಕಾಂತೀಯ ಪರಿಣಾಮಗಳ ಜೊತೆಯಲ್ಲಿ ಬರುತ್ತದೆ. ಅದನ್ನು ಮೊದಲಿಗೆ ತರಬೇಕು. ಮಂಡಲವನ್ನು ಬಿಡಿಸಿ ಬರೆಯುವ ಕೌಶಲಕ್ಕೆ ಉತ್ತರದಷ್ಟೇ ಅಂಕ ಕೊಡಬೇಕು. 'ನಿಮ್ಮ ಮನೆಯ ಮಂಡಲದ ನಕ್ಷೆ ಬರೆದು, ಅರ್ಥಿಂಗ್ ತಂತಿ ಕಡಿದಿದ್ದರೆ ಏನಾಗುತ್ತದೆ ವಿವರಿಸಿ' ಎಂಬಂಥ ಪ್ರಶ್ನೆ ಪರೀಕ್ಷೆಯಲ್ಲಿ ಬರಬೇಕು. ಪರೀಕ್ಷೆಯಲ್ಲಿ ಬಂದದ್ದನ್ನು ಮಾತ್ರ ಕಲಿಸುತ್ತೇವೆ ಎಂಬ ನಮ್ಮ ದೌರ್ಬಲ್ಯವನ್ನೇ ಇಲ್ಲಿ ಬಲವಾಗಿ ಬಳಸಿಕೊಳ್ಳಬಹುದು.

ಆಕ್ಷೇಪಗಳು ನನಗೆ ಗೊತ್ತು, ಶಿಕ್ಷಕರ ಕೊಠಡಿಯಲ್ಲಿ ಎಲ್ಲವನ್ನೂ ಕೇಳಿದ್ದೇನೆ. ಮಕ್ಕಳ ಕೈಗೆ ತಂತಿ ಕೊಟ್ಟರೆ ಅಪಾಯ ಎನ್ನುತ್ತಾರೆ. 1.5 ವೋಲ್ಟಿನ ಸೆಲ್ಲಿನಿಂದ ಯಾರಿಗೂ ಶಾಕ್ ಹೊಡೆಯದು. ಅಪಾಯವಿರುವುದು ಕಲಿಯದೆ ತೋಟಕ್ಕೆ ಹೋಗುವುದರಲ್ಲಿ. ಸಮಯವಿಲ್ಲ, ಪಠ್ಯ ಮುಗಿಯುವುದಿಲ್ಲ ಎನ್ನುತ್ತಾರೆ. ಇದು ನಿಜವಾದ ಕಷ್ಟ, ನಾನು ಅಲ್ಲಗಳೆಯುವುದಿಲ್ಲ. ಆದರೆ ಬಣ್ಣ ಹಚ್ಚಿ ನೋಡಲು ಕಲಿತ ಮಗು ಹತ್ತು ಲೆಕ್ಕಗಳ ಬದಲು ಮೂರರಲ್ಲೇ ಪಾಠ ಹಿಡಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಮೊದಲು ಕಳೆದ ಮೂರು ದಿನ ಕೊನೆಗೆ ಮರಳಿ ಸಿಗುತ್ತದೆ. ಎಲೆಕ್ಟ್ರಿಷಿಯನ್ ಇದ್ದಾನಲ್ಲ, ಎಲ್ಲರಿಗೂ ಏಕೆ ಎನ್ನುತ್ತಾರೆ. ರಿಪೇರಿ ಅವರೇ ಮಾಡಲಿ, ಅದೇ ಸರಿ. ಆದರೆ ಮಾಡಿದ್ದು ಸರಿಯಿದೆಯೇ ಎಂದು ಕೇಳುವ ಬುದ್ಧಿ ಮನೆಯವರಿಗಿರಬೇಕು. ಬೆಳಗಿನ ಜಾವ ತ್ರೀಫೇಸ್ ಬಂದಾಗ ತೋಟದಲ್ಲಿ ಎಲೆಕ್ಟ್ರಿಷಿಯನ್ ಇರುವುದಿಲ್ಲ.

ನಮ್ಮ ಹಿರಿಯರು 'ಪುಸ್ತಕದ ಬದನೆಕಾಯಿ' ಎಂದು ಹಾಸ್ಯ ಮಾಡಿದಾಗ ಮೇಷ್ಟ್ರುಗಳಿಗೆ ಸಿಟ್ಟು ಬರುತ್ತದೆ. ಸಿಟ್ಟಾಗುವ ಬದಲು ಒಂದು ಹೆಸರನ್ನು ನೆನೆಯೋಣ. ರೋಧದ ಮಾನಕ್ಕೆ ಯಾರ ಹೆಸರಿದೆಯೋ ಆ ಜಾರ್ಜ್ ಸೈಮನ್ ಓಮ್ ಕೂಡ ಶಾಲಾ ಮೇಷ್ಟ್ರೇ. ಜರ್ಮನಿಯ ಕಲೋನ್ ಪಟ್ಟಣದ ಶಾಲೆಯಲ್ಲಿ 1817ರಿಂದ ಪಾಠ ಹೇಳುತ್ತ, ಅಲ್ಲಿಯ ಉಪಕರಣಗಳಿಂದಲೇ ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ ಅಳೆದು, 1827ರಲ್ಲಿ ತನ್ನ ಗ್ರಂಥ ಪ್ರಕಟಿಸಿದ. ಸ್ವದೇಶದಲ್ಲಿ ಆಗ ಸಿಕ್ಕಿದ್ದು ಅನಾದರ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟು ಗೌರವಿಸಿದ್ದು 1841ರಲ್ಲಿ. ಅವನ ನಿಯಮ ಹುಟ್ಟಿದ್ದು ತಂತಿಯನ್ನು ಕೈಯಲ್ಲಿ ಹಿಡಿದಾಗ, ಕಪ್ಪುಹಲಗೆಯ ಮೇಲಲ್ಲ. ನಾವು ಅದನ್ನು ಕಪ್ಪುಹಲಗೆಗೆ ಏರಿಸಿ, ತಂತಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆವು.

ಕೊನೆಗೆ, ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನೀವೀಗ ಮನೆಯೊಡೆಯರು, ಮನೆಯೊಡತಿಯರು. ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಮೀಟರ್ ಬೋರ್ಡಿನ ಮುಂದೆ ಒಂದು ನಿಮಿಷ ನಿಲ್ಲಿ. ಆರ್.ಸಿ.ಸಿ.ಬಿ. ಎಂಬ ಪುಟ್ಟ ಪೆಟ್ಟಿಗೆ ಇದೆಯೇ ನೋಡಿ. ಅದು ಹೋದ ಪ್ರವಾಹವನ್ನೂ ಮರಳಿದ ಪ್ರವಾಹವನ್ನೂ ಸದಾ ತಾಳೆ ನೋಡುತ್ತಿರುತ್ತದೆ. ಮನೆಗೆ ಹಾಕುವಂಥದ್ದರಲ್ಲಿ, ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ, ಯಾರದೋ ಮೈಮೂಲಕ ದಾರಿ ತಪ್ಪಿದೆ ಎಂದು ತಿಳಿದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಬಿಡುತ್ತದೆ. ಫ್ಯೂಸ್ ಮಾಡಲಾರದ್ದನ್ನು ಅದು ಮಾಡುತ್ತದೆ. ಇಲ್ಲದಿದ್ದರೆ ಬಲ್ಲವರಿಂದ ಹಾಕಿಸಿ. ಇದ್ದರೆ ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ, ಥಟ್ಟನೆ ಬೀಳಬೇಕು. ಬೀಳದಿದ್ದರೆ ಬದಲಾಯಿಸಿ. ಊರಿನಲ್ಲಿರುವವರು ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬೇಡಿ. ನಮ್ಮ ಬಯಲುಸೀಮೆಯ ಒಣಮಣ್ಣಿನ ರೋಧ ಬಹಳ ಹೆಚ್ಚು. ತುಳಸಿಗೆ ಹಾಕುವಾಗ ಅದಕ್ಕೂ ಒಂದು ಬಿಂದಿಗೆ.

ಆ ತಂದೆ ಈಗಿಲ್ಲ. ಅವರ ಪ್ರಶ್ನೆಗೆ ಉತ್ತರ ಹೇಳಲು ನಾನು ಮತ್ತೆ ಆ ಜಗುಲಿಗೆ ಹೋಗಲಿಲ್ಲ, ಧೈರ್ಯ ಬರಲಿಲ್ಲ. ನಿಮಗಾದರೂ ಹೇಳಿದ್ದೇನೆ. ನಿಮ್ಮ ಮಕ್ಕಳಿಗೆ ನೀವು ಹೇಳಿ.